ಮನೆ ಬಿಟ್ಟು ಹೊರಬೀಳದ ಹೆಣ್ಣುಮಗಳ ಪಾಸ್‌ಪೋರ್ಟು

ನನ್ನ ನಡತೆಯ ಬಗ್ಗೆ ವರದಿ ಬರೆದು ಹೋದ ವಿಚಾರಣಾಧಿಕಾರಿಗಳ ಸನ್ನಿಧಿಗೆ, ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಿಂದ, ಆಗಸ್ಟ್ ೧೯೭೮.

ಮಾನ್ಯರೇ,

ತಮಗೂ, ತಮ್ಮ ಕುಟುಂಬದವರಿಗೂ, ಕಳೆದ ತಿಂಗಳು ನಮ್ಮ ಕಟ್ಟೆಯ ಮೇಲೆ ಮುಕ್ಕಾಲು ತಾಸು ತಮ್ಮನ್ನು ಹೊತ್ತು ನಿಂತಿದ್ದ ಆ ಕಬ್ಬಿಣದ ಕುರ್ಚಿಗೂ ಆಯುರಾರೋಗ್ಯಗಳನ್ನು ಹಾರೈಸಿ, ಅನಂತ ನಮಸ್ಕಾರಗಳೊಂದಿಗೆ ಬಿನ್ನವಿಸಿಕೊಳ್ಳುವುದೇನೆಂದರೆ, ಈ ಪತ್ರವನ್ನು ನಾನು ನನ್ನ ಒಂಬತ್ತು ತಿಂಗಳ ಮಗಳು ಹಗಲಿನಲ್ಲಿ ಇಪ್ಪತ್ತಿಪ್ಪತ್ತು ನಿಮಿಷ ಕಣ್ಣುಮುಚ್ಚುವಾಗ ತುಂಡುತುಂಡಾಗಿ ಬರೆಯುತ್ತಿದ್ದೇನೆ. ಆದ್ದರಿಂದ ವಾಕ್ಯ ಉದ್ದವಾಗಿ ಹೋದ ಕಡೆ ಕೂಸು ಮಲಗಿದೆಯೆಂದೂ, ಗಕ್ಕನೆ ನಿಂತ ಕಡೆ ಎದ್ದಿದೆಯೆಂದೂ ತಾವು ತಿಳಿದುಕೊಳ್ಳಬೇಕು.

ಪಾಸ್‌ಪೋರ್ಟಿಗಾಗಿ ನಾನು ಹಾಕಿದ ಅರ್ಜಿ ತಿರುಗಿ ಬಂದಿದೆ. ಕಾರಣದ ಕೆಳಗೆ ತಮ್ಮ ವರದಿಯ ಮೂರು ವಾಕ್ಯಗಳನ್ನು ಹಾಗೇ ಇಳಿಸಿದ್ದಾರೆ. ‘ಅರ್ಜಿದಾರಳು ಅತ್ಯಂತ ಸಭ್ಯ ಗೃಹಿಣಿ. ಮನೆ ಬಿಟ್ಟು ಹೊರಬೀಳುವವಳಲ್ಲ. ಪರದೇಶಕ್ಕೆ ಹೋಗುವ ಇಚ್ಛೆ ಇದ್ದಂತೆ ಕಾಣುವುದಿಲ್ಲ.’ ಮಾನ್ಯರೇ, ಇಷ್ಟು ಚೆಂದದ ಸರ್ಟಿಫಿಕೇಟು ನನ್ನ ಇಡೀ ಜನ್ಮದಲ್ಲಿ ಸಿಕ್ಕಿರಲಿಲ್ಲ. ಐದು ವರ್ಷ ಮೊದಲು ಸಿಕ್ಕಿದ್ದರೆ ಘೋಣಸಗಿಯ ನಮ್ಮಪ್ಪ ನನಗೆ ವರ ಹುಡುಕುತ್ತ ಏಳು ಊರು ಅಲೆಯುವುದು ತಪ್ಪುತ್ತಿತ್ತು. ಈಗ ಮದುವೆಯಾಗಿ, ಕೂಸಾಗಿ, ಟ್ರಂಕು ತುಂಬಿಟ್ಟು ಕುಳಿತವಳಿಗೆ ಇದನ್ನು ದಯಪಾಲಿಸಿದ್ದೀರಿ. ಗೋಡೆಗೆ ತೂಗುಹಾಕೋಣವೆಂದರೆ ಅತ್ತೆಯವರು ಮೊಳೆ ಹೊಡೆಯಲು ಬಿಡುತ್ತಿಲ್ಲ.

ನನಗೂ ನನ್ನ ಗೆಳತಿ ಸಕೀನಾಳಿಗೂ ಈ ಪರದೇಶದ ಹುಚ್ಚು ಹಿಡಿದದ್ದು ಹೇಗೆಂದು ತಾವು ಅಂದು ಕೇಳಲಿಲ್ಲ, ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ, ಆದ್ದರಿಂದ ಈಗ ಹೇಳುತ್ತೇನೆ. ನಾವಿಬ್ಬರೂ ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಗೋಳಗುಮ್ಮಟದ ನೆರಳಲ್ಲಿ ಇಬ್ಬರು ಪರದೇಶದ ಹುಡುಗಿಯರು ಬೆನ್ನಿಗೆ ಚೀಲ ಕಟ್ಟಿಕೊಂಡು ಕುಳಿತಿದ್ದರು. ಓದಿನ ನಡುವೆ ಒಂದು ವರ್ಷ ಸುಮ್ಮನೆ ಜಗತ್ತು ನೋಡಲು ಹೊರಟಿದ್ದೇವೆ ಎಂದರು. ನಾವು ಅವರನ್ನು ಮನೆಗೆ ಕರೆದೊಯ್ದು ಬಿಸಿ ರೊಟ್ಟಿ, ಖಾರದ ಶೇಂಗಾ ಹಿಂಡಿ ಕೊಟ್ಟೆವು. ಅವರು ಕಣ್ಣೀರು ಸುರಿಸುತ್ತ ಉಂಡು, ತಮ್ಮ ಮನೆಯ ವಿಳಾಸ ಬರೆದುಕೊಟ್ಟು ಹೋದರು. ಅವರ ಬಸ್ಸು ಮರೆಯಾಗುವ ಮೊದಲೇ ಸಕೀನಾ ನನಗೆ ಅಂದಳು: “ಅವರು ನಮ್ಮೂರ ನೋಡಾಕ ಸಮುದ್ರಾ ದಾಟಿ ಬಂದಾರ, ಮಲಕಿ. ನಾವು ಹೊಳ್ಳಿ ಅವರ ಮನಿಗೆ ಹೋಗಲಿಲ್ಲಂದ್ರ ಮಂದಿ ಏನಂದಾರು?” ನಮ್ಮ ಕಡೆ ಒಬ್ಬರು ಮನೆಗೆ ಬಂದು ಉಂಡು ಹೋದರೆ ನಾವೂ ಒಮ್ಮೆ ಹೋಗಿ ಉಂಡು ಬರದೆ ಇರುವಂತಿಲ್ಲ. ಹೀಗಾಗಿ ಇದು ಪ್ರವಾಸವಲ್ಲ, ಮರ್ಯಾದೆಯ ಪ್ರಶ್ನೆ ಎಂಬುದನ್ನು ಕಡತದಲ್ಲಿ ದಾಖಲಿಸಿಕೊಳ್ಳಲು ವಿನಂತಿ.

ಆ ಮರ್ಯಾದೆಗೆ ಐದು ವರ್ಷ ತಡವಾಯಿತು. ನಡುವೆ ನನ್ನ ಮದುವೆಯಾಯಿತು. ಯಜಮಾನರು, ಟಿಕೋಟಾದ ಸಾಲೆಯಲ್ಲಿ ಮಾಸ್ತರರಾಗಿರುವ ಸಿದ್ದರಾಯರು, ಲಗ್ನವಾದ ಮರುತಿಂಗಳೇ ಇನ್ನಷ್ಟು ಓದುತ್ತೇನೆಂದು ಎರಡು ವರ್ಷ ಧಾರವಾಡಕ್ಕೆ ಹೋದರು. ಹೋಗುವಾಗ, ಮುಂದೆ ನಿನಗೂ ಒಂದು ವರ್ಷ ಬಿಡುತ್ತೇನೆ ಎಂದು ಬಾಯಿತಪ್ಪಿ ಅಂದದ್ದನ್ನು ನಾನು ಮರೆಯಲಿಲ್ಲ, ಅವರೂ ಮಾತಿಗೆ ತಪ್ಪಲಿಲ್ಲ. ಸಕೀನಾ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಒಂದು ವರ್ಷದ ರಜೆ ಪಡೆದಿದ್ದಾಳೆ. ಮಗಳ ಹೆಸರು ನನ್ನ ಪಾಸ್‌ಪೋರ್ಟಿನೊಳಗೇ ಸೇರುತ್ತದೆ, ಅವಳೂ ಬರುತ್ತಾಳೆ. ದಸರೆ ಮುಗಿದ ವಾರ ಮುಂಬಯಿಯಿಂದ ಬಸ್ರಾ ಬಂದರಿಗೆ ಹಡಗು, ಅಲ್ಲಿಂದ ಆ ಹುಡುಗಿಯರ ಊರಿನವರೆಗೆ ರೈಲು, ಬಸ್ಸು, ಕಾಲು.

ಕಾಲಿಗೆ ರೂಢಿಯಾಗಲೆಂದು ಒಂದು ರವಿವಾರ ಬೆನ್ನಿಗೆ ಚೀಲ, ಎದೆಗೆ ಕೂಸು ಕಟ್ಟಿಕೊಂಡು ನಾವಿಬ್ಬರೂ ಟಿಕೋಟಾದಿಂದ ಹೊನವಾಡದ ದಾರಿ ಹಿಡಿದೆವು. ಅರ್ಧ ದಾರಿಯಲ್ಲಿ ದ್ರಾಕ್ಷಿ ತೋಟದ ಹಿರಿಯರೊಬ್ಬರು ನಾನು ಗಂಡನ ಮನೆ ಬಿಟ್ಟು ಓಡುತ್ತಿದ್ದೇನೆಂದು ತಿಳಿದು, ನೆರಳಲ್ಲಿ ಕೂಡಿಸಿ, ನೀರು ಕೊಟ್ಟು, ಗಂಡಸರ ಸ್ವಭಾವವೇ ಹಾಗೆಂದು ಅರ್ಧ ತಾಸು ಸಮಾಧಾನ ಹೇಳಿ, ತಿರುಗಿ ಹೋಗುವ ಬಸ್ಸು ಹತ್ತಿಸಿಯೇ ಬಿಟ್ಟರು. ಕಂಡಕ್ಟರನಿಗೂ ನನ್ನನ್ನು ನಡುವೆ ಇಳಿಸಬಾರದೆಂದು ತಾಕೀತು ಮಾಡಿದರು. ಇನ್ನು ಪರದೇಶಕ್ಕೆ ಹೋಗುವವರು ಹಳದಿ ಪುಸ್ತಕದಲ್ಲಿ ಬರೆಸಿಕೊಳ್ಳಬೇಕಾದ ಲಸಿಕೆಯ ಸೂಜಿಗಳಿಂದ ತಾಯಿ ಮಗಳಿಬ್ಬರ ತೋಳೂ ಬಾತುಹೋಗಿವೆ. ಬಸ್ರಾದಲ್ಲಿ ಕಾಯಿಸಿ ಆರಿಸಿದ ನೀರು ಸಿಗುತ್ತದೆಯೋ, ಹಡಗಿನಲ್ಲಿ ಕೂಸನ್ನು ತೂಗುವ ಜೋಳಿಗೆ ಕಟ್ಟಲು ಕೊಕ್ಕೆ ಇರುತ್ತದೆಯೋ, ಆ ಪರದೇಶದ ಚಳಿಗೆ ಕೂಸಿನ ತಲೆಗೆ ಈ ಕುಲಾಯಿ ಸಾಕೋ ಎಂದು ಎಣಿಸುತ್ತ ನಾನು ನಿದ್ದೆ ಕಂಡು ಎಷ್ಟೋ ತಿಂಗಳಾಯಿತು. ಅರ್ಜಿಯಲ್ಲಿ ‘ದೇಹದ ಮೇಲಿನ ಗುರುತು’ ಎಂದು ಕೇಳಿದ ಕಡೆ ‘ಎರಡೂ ಕಣ್ಣಿನ ಕೆಳಗೆ ಕಪ್ಪು’ ಎಂದು ಪ್ರಾಮಾಣಿಕವಾಗಿ ಬರೆದಿದ್ದೇನೆ. ಇಷ್ಟೆಲ್ಲ ಮಾಡಿದವಳಿಗೆ ಇಚ್ಛೆ ಇದ್ದಂತಿಲ್ಲ ಎಂದು ಕಂಡುಹಿಡಿದ ತಮ್ಮ ದೃಷ್ಟಿಯನ್ನು ಹೇಗೆ ಕೊಂಡಾಡಲಿ?

ಆದರೂ ಆ ದಿನ ನಡೆದದ್ದರಲ್ಲಿ ತಮ್ಮ ತಪ್ಪು ಕಡಿಮೆ. ತಾವು ಬಂದು ನಮ್ಮ ಕಟ್ಟೆಯ ಮೇಲೆ ಕುಳಿತಾಗ ನಾನು ಮನೆಯಲ್ಲಿರಲಿಲ್ಲ. ಮಗಳಿಗೆ ಸೂಜಿ ಹಾಕಿಸಿಕೊಂಡು, ಗುಡಿ ಮುಂದಿನ ಬಜಾರದಲ್ಲಿ ಟ್ರಂಕಿನ ಕೀಲಿಗೆ ಚೌಕಾಸಿ ಮಾಡುತ್ತಿದ್ದೆ. ಖಾಕಿ ಬಟ್ಟೆಯವರು ಬಂದು ಒಂದು ಮನೆಯ ಸೊಸೆಯ ಹೆಸರು ಹಿಡಿದು ನಡತೆ ಎಂಥದೆಂದು ಕೇಳಿದರೆ ನಮ್ಮ ಓಣಿಯವರಿಗೆ ಗೊತ್ತಿರುವುದು ಒಂದೇ ಉತ್ತರ. ನನ್ನ ಅತ್ತೆ ಭೀಮಾಬಾಯಿಯವರು, ಸೊಸೆ ಹೊರಗೆ ಹೋಗಿದ್ದಾಳೆಂದು ಪೊಲೀಸರಿಗೆ ಹೇಳುವುದಕ್ಕಿಂತ ಕಟ್ಟೆ ಬಿರಿದು ಒಳಗೆ ಸೇರುವುದು ಮೇಲೆಂದು ಬಗೆದು, “ಒಳಗದಾಳ್ರಿ ಸಾಹೇಬ್ರ, ಗಂಡಸರು ಕುಂತಾರಂತ ಹೊರಗ ಬರಾಂಗಿಲ್ಲ” ಎಂದರು. ಎದುರುಮನೆಯ ರಾಚವ್ವ ಬೀಸುವುದನ್ನು ಬಿಟ್ಟು ಓಡಿಬಂದು ಅದಕ್ಕೆ ಇನ್ನೂ ಒಂದು ಮಜಲು ಏರಿಸಿದಳು. “ನಾಕ ವರ್ಷಾತ್ರಿ, ಆಕಿ ಹೊಸ್ತಿಲಾ ದಾಟಿದ್ದು ನಾ ಕಣ್ಣಿಲೆ ನೋಡಿಲ್ಲ. ಕೂಸು ಹುಟ್ಟಿದ್ದು ಸುದ್ದಾ ಅದರ ಅಳೂ ಕೇಳಿ ಗೊತ್ತಾತು.” ಇದೇ ರಾಚವ್ವ ನನ್ನ ಸೆರಗು ಹಿಡಿದುಕೊಂಡು ವಾರಕ್ಕೆರಡು ಸಲ ಸಂತೆಗೆ ಬರುತ್ತಾಳೆ. ಮೂಲೆಯ ಹಿಟ್ಟಿನ ಗಿರಣಿಯ ಲಾಲಸಾಬರು, ಬಸ್ಸಿಗೆ ಎಷ್ಟು ಗಾಲಿ ಇರುತ್ತವೆಂಬುದೂ ಆ ಹೆಣ್ಣುಮಗಳಿಗೆ ತಿಳಿಯದೆಂದು ಪ್ರಮಾಣ ಮಾಡಿದರಂತೆ. ಹಿಂದಿನ ದಿನವಷ್ಟೇ ಟಿಕೋಟಾ ಬಸ್ಸಿನಲ್ಲಿ ಕೂಸಿನ ಸಲುವಾಗಿ ನನಗೆ ಜಾಗ ಬಿಟ್ಟುಕೊಟ್ಟವರು ಅವರೇ.

ಹೊರಗೆ ಹೋದವಳು ಒಳಗಿದ್ದಾಳೆಂದು ನಂಬಿ ಮುಕ್ಕಾಲು ತಾಸು ಕಾಯುತ್ತ, ಅವಳು ಎಂದೂ ಹೊರಗೆ ಹೋಗುವುದಿಲ್ಲವೆಂದು ನೋಟುಬುಕ್ಕಿನಲ್ಲಿ ಬರೆದುಕೊಂಡ ಅಧಿಕಾರಿಗಳು ತಮ್ಮ ಹೊರತು ಈ ಜಿಲ್ಲೆಯಲ್ಲಿ ಇನ್ನೊಬ್ಬರಿರಲಾರರು.

ಇನ್ನು ನನ್ನ ಪಾಲಿನ ತಪ್ಪೊಪ್ಪಿಗೆ. ಓಣಿಯ ತಿರುವಿನಲ್ಲಿ ನಾನು ಕಾಣಿಸಿದೊಡನೆ ರಾಚವ್ವ ಕಣ್ಣಿನಲ್ಲೇ ನನ್ನನ್ನು ಹಿಂದಕ್ಕೆ ಅಟ್ಟಿದಳು. ಬಿ.ಎ. ಮಾಡಿದ, ನಾಳೆ ಸಮುದ್ರ ದಾಟಲಿರುವ ನಾನು, ಕಳ್ಳಿಯ ಹಾಗೆ ಹಿಂದಿನ ಸಂದಿಯಿಂದ ಹಿತ್ತಲ ಬಾಗಿಲಿಗೆ ಬಂದು, ಕೂಸನ್ನು ತೊಟ್ಟಿಲಿಗೆ ಹಾಕಿ, ಕೊಡೆಯನ್ನು ಒಲೆಯ ಹಿಂದೆ ಬಚ್ಚಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು, ಬೆಳಗಿನಿಂದ ಒಳಗೇ ಇದ್ದವಳಂತೆ ಚಹಾ ಹಿಡಿದುಕೊಂಡು ಹೊರಬಂದೆ. ಪರದೇಶಕ್ಕೆ ಹೋಗುವ ಮನಸ್ಸು ನಿಮಗಿದೆಯೇನಮ್ಮಾ ಎಂದು ತಾವು ಕೇಳಿದಿರಿ. ಆಗ ನನ್ನ ಬಾಯಿಂದ, ಹೆಣ್ಣು ನೋಡಲು ಬಂದವರ ಮುಂದೆ ಹೇಳಲೆಂದು ಹದಿನಾರನೆಯ ವರ್ಷದಿಂದ ಕಲಿಸಿಟ್ಟ ಮಾತು ತಾನಾಗಿ ಉದುರಿತು.

“ದೊಡ್ಡವರು ಹೆಂಗಂತಾರ ಹಂಗ್ರಿ.”

ತಾವು ಸಂತೋಷದಿಂದ ತಲೆಯಾಡಿಸಿದಿರಿ. ಅತ್ತೆಯವರು ಹೆಮ್ಮೆಯಿಂದ ಸುತ್ತಲೂ ನೋಡಿದರು. ತಾವು ಚಹಾ ಕುಡಿದು, ತೊಟ್ಟಿಲು ತೂಗಿ, ಕೂಸಿನ ಹೊಟ್ಟೆಯುಬ್ಬರಕ್ಕೆ ಅಜವಾನದ ನೀರು ಹಾಕಲು ಹೇಳಿ ಹೋದಿರಿ. ಅದಕ್ಕೆ ಗುಣ ಕಂಡಿತು, ಉಪಕಾರ ಮರೆಯುವವಳಲ್ಲ ನಾನು. ತಮ್ಮ ವೈದ್ಯದ ಮೇಲೆ ನನಗೆ ಪೂರ್ಣ ನಂಬಿಕೆಯಿದೆ, ವರದಿಯ ಮೇಲಷ್ಟೇ ಇಲ್ಲ.

ಇದೇ ಕೈಯಿಂದ ಸಕೀನಾಳ ವಿಚಾರಣೆ ಹೇಗೆ ನಡೆಯಿತೆಂಬುದನ್ನೂ ನೆನಪಿಸಲು ಅಪ್ಪಣೆಯಾಗಬೇಕು. ಅವಳು ಹೋಗುವುದು ಅವಳ ಚಿಕ್ಕಪ್ಪ ಅಮೀನಸಾಬರಿಗೆ ಬಿಲ್‌ಕುಲ್ ಇಷ್ಟವಿಲ್ಲ. ಕೆಡಿಸಬೇಕೆಂದೇ ಅವರು ತಮ್ಮೆದುರು ದೂರು ಸುರಿದರು. “ಆಕಿ ಕಾಲು ಮನ್ಯಾಗ ನಿಲ್ಲೂದಿಲ್ರಿ. ಸೈಕಲ್ ಹತ್ತಿದಳಂದ್ರ ಎಲ್ಲಿ ಹೋಗ್ತಾಳ, ಯಾವಾಗ ಬರ್ತಾಳ, ಯಾರಿಗೂ ಗೊತ್ತಿಲ್ಲ.” ತಾವು ಅದನ್ನು ‘ಪ್ರಯಾಣದ ರೂಢಿಯುಳ್ಳವಳು, ಸ್ವಂತ ವಿಚಾರವುಳ್ಳವಳು’ ಎಂದು ಬರೆದಿರಿ. ಮೂರು ವಾರದಲ್ಲಿ ಪಾಸ್‌ಪೋರ್ಟು ಬಂತು. ಒಬ್ಬ ವೈರಿಯನ್ನೂ ಗಳಿಸಿಕೊಳ್ಳದೆ ಓಣಿಯವರ ಜೊತೆ ಹೊಂದಿಕೊಂಡು ಬಾಳಿದ ನನ್ನ ಮೂರ್ಖತನ ನನಗೆ ಈಗ ಅರಿವಾಗಿದೆ.

ನನ್ನ ಅರ್ಜಿ ತಿರುಗಿ ಬಂದ ದಿನ ಅತ್ತೆಯವರನ್ನು ಕೇಳಿದೆ. ನಿನ್ನ ಮಾನ ಕಾಯಲು ಹೇಳಿದೆನೇ ಹೊರತು ನಿನ್ನ ದಾರಿ ಕಟ್ಟಲು ಅಲ್ಲ ಎಂದರು. ಅವರ ಕಣ್ಣಲ್ಲಿ ನೀರಿತ್ತು, ಆದ್ದರಿಂದ ನಂಬಿದೆ. ಸಕೀನಾಳ ಕಣ್ಣಲ್ಲಿ ಏನೂ ಇರಲಿಲ್ಲ. ಪತ್ರವನ್ನು ಎರಡು ಸಲ ಓದಿ, ಮಡಚಿ ನನ್ನ ಕೈಗಿಟ್ಟಳು. “ನೀನ ನಿನ್ನ ಬಾಯಿಲೆ ಬ್ಯಾಡಂದಿ, ಮಲಕಿ. ದಸರಾ ತನಕ ಕಾಯ್ತೇನಿ. ಆಮ್ಯಾಲ ಒಬ್ಬಾಕಿನ ಹಡಗಾ ಹತ್ತಾಕಿ.”

ಮಾನ್ಯರೇ, ಕೂಸು ಮಲಗಿದೆ, ಒಂದು ನಿಜ ಹೇಳಿಬಿಡುತ್ತೇನೆ. ಮಗಳ ಮೈ ಬಿಸಿಯಾದ ದಿನಗಳಲ್ಲಿ, ಪಾಸ್‌ಪೋರ್ಟು ಬರದಿದ್ದರೇ ಚೆನ್ನಾಗಿತ್ತು ಎಂದು ನಾನೇ ಅಂದುಕೊಂಡದ್ದುಂಟು. ಬರದೇ ಹೋದಾಗ ಒಂದು ಗಳಿಗೆ ಹಗುರವೂ ಆಯಿತು. ಆದರೆ ಹೋಗುವುದಿಲ್ಲ ಎಂದು ಹೇಳಬೇಕಾದವಳು ನಾನು, ಅದನ್ನು ಪಾಸ್‌ಪೋರ್ಟು ಕೈಯಲ್ಲಿ ಹಿಡಿದುಕೊಂಡು ಹೇಳಬೇಕು. ಹೆದರುವ ಹಕ್ಕನ್ನೂ ತಾವು ನನ್ನ ಪರವಾಗಿ ಸಹಿ ಮಾಡಿ ಮುಗಿಸಿದ್ದು ಸರಿಯಲ್ಲ.

ಆದಕಾರಣ ಮರುವಿಚಾರಣೆಗೆ ಪ್ರಾರ್ಥಿಸುತ್ತೇನೆ. ಈ ಸಲ ತಾವು ನನ್ನನ್ನು ಪ್ರೀತಿಸುವವರಾರನ್ನೂ ಕೇಳಬಾರದು. ಹೊನವಾಡದ ದ್ರಾಕ್ಷಿ ತೋಟದ ಹಿರಿಯರನ್ನು ಕೇಳಿ, ನಾನು ಮನೆ ಬಿಟ್ಟು ಓಡುವವಳೆಂದು ಮನಸಾರೆ ಸಾಕ್ಷಿ ಹೇಳುತ್ತಾರೆ. ಅವರು ಸಾಲದಿದ್ದರೆ ಸರಕಾರದ ವತಿಯಿಂದ ನನಗೆ ಇಬ್ಬರು ವೈರಿಗಳನ್ನು ಮಂಜೂರು ಮಾಡಿಸಿಕೊಡಬೇಕು, ಕಾಯಂ ಅಲ್ಲದಿದ್ದರೂ ದಸರೆಯವರೆಗೆ. ರಾಚವ್ವನಿಗೆ ನನ್ನ ಮೇಲೆ ಚಾಡಿ ಹೇಳಲು ನಾನೇ ಕಲಿಸುತ್ತಿದ್ದೇನೆ. “ಭಾಳ ತಿರಗತಾಳ್ರಿ ಆಕಿ” ಎಂಬಲ್ಲಿಯವರೆಗೆ ಚೆನ್ನಾಗಿ ಬರುತ್ತದೆ. ಅದರ ಬೆನ್ನಿಗೇ “ಆದ್ರ ಮನಸು ಭಾಳ ಚೊಲೋ ಐತ್ರಿ” ಎಂದು ಸೇರಿಸಿ ಎಲ್ಲವನ್ನೂ ಹಾಳುಮಾಡುತ್ತಾಳೆ. ಅಷ್ಟನ್ನು ತಾವು ಕಿವಿಗೆ ಹಾಕಿಕೊಳ್ಳದಿದ್ದರಾಯಿತು. ಕೊನೆಯದಾಗಿ, ನನ್ನನ್ನೇ ಕೇಳುವ ಪ್ರಸಂಗ ಬಂದರೆ ನಾನು ತಲೆಯೆತ್ತಿ ಉತ್ತರ ಕೊಡುವವರೆಗೆ ತಾವು ಚಹಾ ಮುಟ್ಟಬಾರದು.

ಎದ್ದಳು.

ಓಣಿಯವರು ಹೇಳುವಷ್ಟು ಸಭ್ಯಳಲ್ಲದ,
ತಮ್ಮ ವಿಶ್ವಾಸಿ,
ಮಲಕವ್ವ, ಬಿ.ಎ.

ತಾ.ಕ.: ಈ ಪತ್ರವನ್ನು ಮುಚ್ಚುವ ಮೊದಲು ತಿಳಿದುಬಂದದ್ದು. ನಮ್ಮ ಅತ್ತೆಯವರು ನಿನ್ನೆ ಯಾರಿಗೂ ಹೇಳದೆ ಲಾಲಸಾಬರನ್ನು ಜೊತೆ ಮಾಡಿಕೊಂಡು ಹೋಗಿ ಫೋಟೋ ತೆಗೆಸಿ, ಅವರದೇ ಹೆಸರಿನಲ್ಲೂ ಒಂದು ಪಾಸ್‌ಪೋರ್ಟು ಅರ್ಜಿಗೆ ಹೆಬ್ಬೆಟ್ಟು ಒತ್ತಿ ಬಂದಿದ್ದಾರೆ. ಕಾಯಂ ವಿಳಾಸ ತವರೂರಾದ ಬಬಲೇಶ್ವರವೆಂದು ಕೊಟ್ಟಿದ್ದಾರೆ. ಬಬಲೇಶ್ವರದಲ್ಲಿ ಅವರು ಜಗಳವಾಡದೆ ಬಿಟ್ಟ ಮನೆ ಒಂದೂ ಇಲ್ಲವಾದ್ದರಿಂದ ಅವರ ಪಾಸ್‌ಪೋರ್ಟು ಮೂರು ವಾರ ಕೂಡ ಹಿಡಿಯಲಾರದು. ಬಂದರೆ ಸಕೀನಾಳ ಜೊತೆ ನಾನೇ ಹೋಗಿಬರುತ್ತೇನೆ, ಕೂಸನ್ನು ನೀನು ಜೋಪಾನವಾಗಿ ನೋಡಿಕೋ ಎಂದಿದ್ದಾರೆ. ಸಕೀನಾ ಒಪ್ಪಿದ್ದಾಳೆ. ಆದ್ದರಿಂದ ತಾವು ಬಬಲೇಶ್ವರದ ಬಸ್ಸು ಹತ್ತುವ ಮೊದಲು ಕೃಪೆಮಾಡಿ ನಮ್ಮ ಓಣಿಗೆ ಬರಬೇಕು. ಯಾವ ಹೊತ್ತಿಗೆ ಬಂದರೂ ಸರಿ, ನಾನು ಮನೆಯಲ್ಲಿರುವುದಿಲ್ಲ.