ಯಾವೂರ ಗೌಡ್ರು?

ಐರ್ಲೆಂಡಿನ ಅತ್ಲೋನ್ ಊರಿನ ಅತ್ಯಂತ ಹಿರಿಯ ಗೌಡರು ರಾಗಿ ಮುದ್ದೆಯನ್ನು ಮೊದಲ ಸಲ ಕಂಡಿದ್ದು ಎಪ್ಪತ್ತು ದಾಟಿದ ಮೇಲೆ. ಕಂಡವರು ಸುಮ್ಮನಿದ್ದರೇ? ಚಾಕು ತೆಗೆದುಕೊಂಡು ಕೇಕಿನ ಹಾಗೆ ಹೋಳು ಮಾಡಿದರು. ಒಂದು ಹೋಳಿಗೆ ಬೆಣ್ಣೆ ಸವರಿದರು, ಇನ್ನೊಂದಕ್ಕೆ ಜಾಮ್! ಇಂಥವರನ್ನು ಗೌಡರೆಂದು ಒಪ್ಪುವುದು ಹೇಗೆ ಎಂದು ನೀವು ಕೇಳಬಹುದು. ಆದರೆ ಅವರ ಪಾಸ್‌ಪೋರ್ಟಿನಲ್ಲಿ, ಕರೆಂಟ್ ಬಿಲ್ಲಿನಲ್ಲಿ, ಅವರ ಅಪ್ಪನ ಸಮಾಧಿಯ ಕಲ್ಲಿನ ಮೇಲೆ ಇರುವುದು ಅದೇ ಹೆಸರು, ಗೌಡರ್. ದಾಖಲೆಯ ಮುಂದೆ ಮುದ್ದೆಯ ಸಾಕ್ಷಿ ನಡೆಯುವುದಿಲ್ಲ.

ಈ ಗೌಡರು ನಮಗೆ ಗಂಟು ಬಿದ್ದದ್ದು ಒಂದು ಪಾರ್ಸೆಲ್ಲಿನಿಂದ. ಆಗ ನಾವು ಐರ್ಲೆಂಡಿಗೆ ಬಂದ ಹೊಸತು. ನನ್ನ ಗಂಡ ಲೋಕೇಶನ ಅಡ್ಡಹೆಸರು ಗೌಡ. ಇಲ್ಲಿನ ಅಂಗಡಿಗಳಲ್ಲಿ ಹೆಚ್ಚು ಕಡಿಮೆ ಅದೇ ಸ್ಪೆಲಿಂಗಿನ ಒಂದು ಚೀಸ್ ಸಿಗುತ್ತದೆ. ಹಲ್ಲಿನ ಡಾಕ್ಟರ ಹತ್ತಿರ ಹೋದರೂ, ಬ್ಯಾಂಕಿಗೆ ಹೋದರೂ ಹೆಸರು ಕೂಗುವವರು ಚೀಸನ್ನೇ ಕೂಗಿ ಒಂದು ಸಣ್ಣ ನಗೆ ಬೀರುತ್ತಿದ್ದರು. ಹೀಗೆ ಚೀಸಿನ ಸಂಸಾರ ನಡೆಸುತ್ತಿದ್ದ ನಮ್ಮ ಬಾಗಿಲಿಗೆ ಯುಗಾದಿಯ ಹಿಂದಿನ ದಿನ ಒಂದು ಪಾರ್ಸೆಲ್ ತಪ್ಪಿ ಬಂತು. ಅದರ ಮೇಲಿದ್ದ ಹೆಸರು ಗೌಡರ್, ವಿಳಾಸ ನಮ್ಮ ಹಿಂದಿನ ರಸ್ತೆ. ನನಗಾದ ಸಂತೋಷ ಅಷ್ಟಿಷ್ಟಲ್ಲ.

"ಹುಬ್ಬಳ್ಳಿ ಕಡೆಯೋರು ಇರ್ಬೇಕು ಕಣೋ. ಆ ಕಡೆ ಗೌಡರ್ ಅಂತಾನೇ ಅಡ್ಡಹೆಸರು ಇಟ್ಕೋತಾರೆ," ಎಂದೆ.

"ಹಂಗಿದ್ರೆ ಶೇಂಗಾ ಹೋಳಿಗೆ ಸಿಗುತ್ತೆ ಬಿಡು," ಎಂದ ಲೋಕೇಶ. ಅವನ ನೆಂಟಸ್ತಿಕೆಯೆಲ್ಲ ಊಟದ ಎಲೆಯ ಮೇಲಿಂದಲೇ ಶುರುವಾಗುವುದು.

ಹಬ್ಬದ ದಿನ ಸೀರೆ ಉಟ್ಟು, ಒಂದು ಕೈಯಲ್ಲಿ ಪಾರ್ಸೆಲ್, ಇನ್ನೊಂದರಲ್ಲಿ ಹೋಳಿಗೆ ಡಬ್ಬಿ ಹಿಡಿದು ಹೋಗಿ ಬೆಲ್ ಒತ್ತಿದೆ. ಬಾಗಿಲು ಪೂರ್ತಿ ತೆರೆಯುವ ಮುಂಚೆಯೇ, "ನಮಸ್ಕಾರ ಗೌಡ್ರೇ, ಹಬ್ಬದ ಶುಭಾಶಯ," ಅಂದುಬಿಟ್ಟೆ. ಎದುರಿಗೆ ಆರಡಿ ಮೀರಿದ, ಕೆಂಪು ಮೂಗಿನ, ಬಿಳಿ ಹುಬ್ಬಿನ ಮುದುಕರೊಬ್ಬರು ಉಣ್ಣೆಯ ಸ್ವೆಟರಿನಲ್ಲಿ ನಿಂತಿದ್ದರು. ಅವರು ಪಾರ್ಸೆಲ್ ನೋಡಿದರು, ಡಬ್ಬಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಇಂಡಿಯಾದಿಂದಲಾ?"

"ಹೌದು."

"ಅಂತೂ ಬಂದಿರಿ. ಗ್ರ್ಯಾಂಡ್. ಒಳಗೆ ಬನ್ನಿ, ಟೀಗೆ ನೀರಿಟ್ಟಿದ್ದೇನೆ."

(ಅವರ ಇಂಗ್ಲಿಷನ್ನೆಲ್ಲ ನಾನೇ ಕನ್ನಡಕ್ಕೆ ತರುತ್ತಿದ್ದೇನೆ. ಗ್ರ್ಯಾಂಡ್‌ಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಇಲ್ಲಿ ಕಾಲು ಮುರಿದರೂ ಗ್ರ್ಯಾಂಡ್, ಕಾಫಿ ಆರಿದರೂ ಗ್ರ್ಯಾಂಡ್. ಅದಕ್ಕೆ ಯಾವ ಕನ್ನಡ ಹಾಕುವುದು?)

ಅವರಿಗೆ ಆಶ್ಚರ್ಯವೇ ಆಗಿರಲಿಲ್ಲ. ಯಾಕೆಂದು ಒಳಗೆ ಹೋದ ಮೇಲೆ ತಿಳಿಯಿತು. ಊಟದ ಮೇಜಿನ ಹಿಂದೆ ಗೋಡೆಯ ತುಂಬ ಪ್ರಪಂಚದ ಭೂಪಟ. ಗೌಡರ್ ಎಂಬ ಹೆಸರಿನವರು ಎಲ್ಲೆಲ್ಲಿದ್ದಾರೋ ಅಲ್ಲಿಗೆಲ್ಲ ಒಂದು ಕೆಂಪು ಗುಂಡುಸೂಜಿ. ಜರ್ಮನಿಯಲ್ಲಿ ಒಂದಿಷ್ಟು, ಕೆನಡಾದಲ್ಲಿ ಒಂದು, ಐರ್ಲೆಂಡಿನಲ್ಲಿ ಒಂದು, ಅದು ಅವರೇ. ದಕ್ಷಿಣ ಇಂಡಿಯಾದ ಮೇಲೆ ಸೂಜಿ ಚುಚ್ಚಿ ಚುಚ್ಚಿ ಕಾಗದವೇ ಹರಿದುಹೋಗಿತ್ತು! ಅಡ್ಡಹೆಸರುಗಳನ್ನು ಹುಡುಕಿಕೊಡುವ ಯಾವುದೋ ವೆಬ್‌ಸೈಟಿನಲ್ಲಿ ನೋಡಿದಂದಿನಿಂದ, ತಮ್ಮ ವಂಶದವರು ಅಲ್ಲಿಗೆ ಹೇಗೆ ಹೋದರು ಎಂಬ ಯೋಚನೆಯಲ್ಲಿ ಅವರಿಗೆ ನಿದ್ದೆ ಇರಲಿಲ್ಲವಂತೆ.

ಅವರ ಹೆಸರಿನ ಮೂಲ ಜರ್ಮನಿ. ಮುನ್ನೂರು ವರ್ಷಗಳ ಹಿಂದೆ ರೈನ್ ನದಿಯ ಸೀಮೆಯಿಂದ ಯುದ್ಧಕ್ಕೂ ಚಳಿಗೂ ಬೇಸತ್ತು ಸಾವಿರಾರು ಜನ ಗುಳೆ ಎದ್ದರು. ಅವರಲ್ಲಿ ಕೆಲವರನ್ನು ತಂದು ಇಲ್ಲಿನ ಲಿಮರಿಕ್ ಜಿಲ್ಲೆಯ ಹಳ್ಳಿಗಳಲ್ಲಿ ಕೂರಿಸಿದರು. ಇಷ್ಟು ಇತಿಹಾಸ. ಇದಕ್ಕೆ ನಮ್ಮ ಗೌಡರು ಸೇರಿಸಿದ ಒಗ್ಗರಣೆ ಬೇರೆಯೇ ಇದೆ. ಆ ಗುಂಪಿನಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು, ರಾಟರ್‌ಡ್ಯಾಮ್ ಬಂದರಿನಲ್ಲಿ ಒಬ್ಬ ಐರ್ಲೆಂಡಿನ ದಾರಿ ಹಿಡಿದ, ಇನ್ನೊಬ್ಬ ತಪ್ಪು ಹಡಗು ಹತ್ತಿ ಇಂಡಿಯಾ ಸೇರಿದ! ಆ ತಪ್ಪು ಹಡಗಿನ ಸಂತಾನವೇ ನಾವು.

"ನಮ್ದು ಗೌಡ, ಗೌಡರ್ ಅಲ್ಲ. ಕೊನೇಲಿ ರ್ ಇಲ್ಲ," ಎಂದು ನಾನು ತಕರಾರು ತೆಗೆದೆ.

"ನಿಮ್ಮ ಕಡೆ ಬಿಸಿಲು ಜಾಸ್ತಿ ಅಲ್ಲವೇ? ಒಣಗಿ ಉದುರಿರಬೇಕು," ಎಂದರು.

ನನಗೆ ಸುಮ್ಮನಿರಲು ಬರುವುದಿಲ್ಲ. ನಮ್ಮಲ್ಲಿ ರ್ ಉದುರಿಲ್ಲ, ಮರ್ಯಾದೆ ಕೊಡುವಾಗ ಮಾತ್ರ ಹಚ್ಚುತ್ತೇವೆ, ಬರೀ ಗೌಡ ಅಂದರೆ ಏಕವಚನ, ಗೌಡರು ಅಂದರೆ ಗೌರವ ಎಂದು ವ್ಯಾಕರಣ ಹೇಳಿದೆ. ಮುದುಕರ ಮುಖ ಅರಳಿತು. "ಹಾಗಾದರೆ ನನ್ನ ಮೇಲೆ ಎಷ್ಟು ಸಿಟ್ಟು ಬಂದರೂ ನೀವು ನನ್ನನ್ನು ಮರ್ಯಾದೆಯಿಂದಲೇ ಕರೆಯಬೇಕು. ಬೇರೆ ದಾರಿ ಇಲ್ಲ," ಎಂದು ಮೂರನೆಯ ಹೋಳಿಗೆಗೆ ಕೈ ಹಾಕಿದರು. ವ್ಯಾಕರಣ ಹೇಳಿ ಇಷ್ಟು ಬೇಗ ಸೋತವಳು ನಾನೊಬ್ಬಳೇ ಇರಬೇಕು.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಅವರು ಸೂಜಿ ಚುಚ್ಚುತ್ತಿದ್ದುದು ಬರೀ ಚಪಲಕ್ಕಲ್ಲ. ಎರಡನೇ ಸಲ ಹೋದಾಗ ಅವರೇ ಹೇಳಿದರು.

"ನಮ್ಮಪ್ಪನ ಕಡೆ ಒಂದು ಪದ್ಧತಿ. ಸತ್ತವನ ಪೆಟ್ಟಿಗೆಗೆ ಅವನದೇ ಅಡ್ಡಹೆಸರಿನ ನಾಲ್ವರು ಹೆಗಲು ಕೊಡಬೇಕು. ನಮ್ಮಪ್ಪನಿಗೆ ನಾಲ್ವರಿದ್ದರು. ಚಿಕ್ಕಪ್ಪನ ಕಾಲಕ್ಕೆ ಮೂವರಾದೆವು, ನಾಲ್ಕನೆಯ ಮೂಲೆಗೆ ಪೋಸ್ಟ್‌ಮ್ಯಾನನ್ನು ಹಿಡಿದು ತಂದೆವು. ಈಗ ಉಳಿದಿರುವವನು ನಾನೊಬ್ಬ. ಆ ಹೊತ್ತಿಗೆ ನಾನು ಪೆಟ್ಟಿಗೆಯ ಒಳಗಿರುತ್ತೇನಲ್ಲ, ಹೊರುವುದು ಹೇಗೆ?"

"ಕೆನಡಾದಲ್ಲಿ ಒಬ್ರು ಇದ್ದಾರಲ್ಲ?"

"ಅವನಿಗೆ ಹರ್ನಿಯಾ."

ಅವರಿಗೆ ಮದುವೆ ಆಗಿರಲಿಲ್ಲ. ಒಬ್ಬಳೇ ತಂಗಿ ಮದುವೆಯಾಗಿ ಬೇರೆ ಹೆಸರಿಗೆ ಹೋಗಿದ್ದಳು. ಅವರು ನಗುತ್ತಲೇ ಹೇಳಿದ್ದರು, ಆದರೆ ನನಗೆ ನಗು ಬರಲಿಲ್ಲ. ಹೊರೋಕೆ ನಾಲ್ಕು ಜನ ಬೇಕು ಎನ್ನುವ ಮಾತನ್ನು ಕೇಳಿಕೊಂಡೇ ಬೆಳೆದವಳು ನಾನು. ಆ ಮಾತು ಈ ಮಂಜಿನ ದೇಶದಲ್ಲಿ, ಕೆಂಪು ಮೂಗಿನ ಮುದುಕರ ಬಾಯಿಂದ ಬಂದಿತ್ತು. ಮೆತ್ತಗಾದ ಮನಸ್ಸಿನಲ್ಲಿ, "ಗಣೇಶನ ಹಬ್ಬಕ್ಕೆ ಬನ್ನಿ, ಬೇಕಾದಷ್ಟು ಗೌಡ್ರು ಸಿಗ್ತಾರೆ," ಎಂದುಬಿಟ್ಟೆ.

ಬಂದರು. ಸೂಟು, ಟೈ, ಪಾಲಿಶ್ ಮಾಡಿದ ಬೂಟು. ಮಂಗಳಾರತಿ ಆಗುವವರೆಗೆ ಕೈಕಟ್ಟಿ ನಿಂತಿದ್ದರು, ಆಮೇಲೆ ಕೆಲಸ ಶುರು ಮಾಡಿದರು. ಗೌಡ ಎಂದು ಹೆಸರಿದ್ದ ಗಂಡಸರ ಪಕ್ಕಕ್ಕೆ ಹೋಗಿ ನಿಲ್ಲುವುದು, ತಮ್ಮ ಭುಜದಿಂದ ಅವರ ಭುಜಕ್ಕೆ ಅಂಗೈ ಮಟ್ಟಸ ಹಿಡಿದು ಅಳೆಯುವುದು! ಹೊರುವವರೆಲ್ಲ ಒಂದೇ ಎತ್ತರ ಇರಬೇಕಂತೆ. ಹಾಸನದ ಡಾಕ್ಟರ್ ಗೌಡ ಪಾಸಾದರು. ಸಾಫ್ಟ್‌ವೇರಿನಲ್ಲಿದ್ದ ತುಮಕೂರಿನ ಹುಡುಗ ಪಾಸಾದ. ದೂರದ ರಿಂಗಾಸ್ಕಿಡಿ ಊರಿನ ಔಷಧಿ ಫ್ಯಾಕ್ಟರಿಯಿಂದ ಹಬ್ಬಕ್ಕೆಂದು ಬಂದಿದ್ದ ಇನ್ನೊಬ್ಬ ಗೌಡನೂ ಪಾಸಾದ. ಕಾರಣ ಕೇಳಿ ಮೂವರೂ ನಕ್ಕು ಒಪ್ಪಿಕೊಂಡರು. ಲೋಕೇಶನ ಸರದಿ ಬಂದಾಗ ಅವರ ಅಂಗೈ ಇವನ ತಲೆಯ ಮೇಲೆ ಹಾದುಹೋಯಿತು.

"ನೀನು ಕುಳ್ಳ. ನಿನ್ನ ಮೂಲೆಯಿಂದ ನಾನು ಜಾರಿ ಬೀಳುತ್ತೇನೆ."

"ಸತ್ ಮೇಲೂ ಈ ಮನುಷ್ಯಂಗೆ ಹೈಟ್ ಬೇಕಂತೆ," ಎಂದು ಲೋಕೇಶ ಮನೆಗೆ ಬಂದ ಮೇಲೂ ಗೊಣಗುತ್ತಿದ್ದ. ಹೆಣ್ಣು ನೋಡಲು ಹೋದಾಗಲೂ ಯಾರೂ ಅವನನ್ನು ಹೀಗೆ ಅಳೆದಿರಲಿಲ್ಲ.

ಮುಂದಿನ ಬೇಸಿಗೆಗೆ ಮಂಡ್ಯದಿಂದ ನಮ್ಮ ಮಾವ ಬಂದರು. ಅತ್ತೆ ನಾದಿನಿಯ ಬಾಣಂತನಕ್ಕೆ ಅಲ್ಲೇ ನಿಂತಿದ್ದರಿಂದ ಒಬ್ಬರೇ ಬಂದಿದ್ದರು. ಮಾವ ಎತ್ತರದ ಆಳು (ಲೋಕೇಶ ಅವನ ಅಮ್ಮನನ್ನು ಹೋತಿದ್ದಾನೆ). ಗೌಡರನ್ನು ಊಟಕ್ಕೆ ಕರೆದೆ. ಮುದ್ದೆಗೆ ಜಾಮ್ ಬಿದ್ದದ್ದು ಆವತ್ತೇ. ಮಾವ ಕಣ್ಣು ಮುಚ್ಚಿಕೊಂಡು ಅದನ್ನು ಸಹಿಸಿಕೊಂಡರು. ಆಮೇಲೆ ವಿಚಾರಣೆ ಶುರುವಾಯಿತು.

"ಯಾವೂರ ಗೌಡ್ರಂತೆ ಕೇಳವ್ವ."

ನಾನು ಜರ್ಮನಿ, ರಾಟರ್‌ಡ್ಯಾಮ್, ತಪ್ಪು ಹಡಗು ಎಲ್ಲ ಹೇಳಿದೆ.

"ನಮ್ ತಾತ ಸಂತೆಗೋದ್ರೇ ದಾರಿ ತಪ್ತಿದ್ದ, ಇನ್ ಅಡಗು ಅತ್ತುದ್ನಾ? ಅದು ಅಂಗಲ್ಲ. ನಮ್ಮೋನೇ ಒಬ್ಬ ಬೆಲ್ಲ ಮಾರಕ್ ಓದೋನು ಇಲ್ಲಿಗೆ ಬಂದ್ ಸೇರ್ಕೊಂಡವ್ನೆ. ಮನೆದೇವ್ರು ಯಾವುದಂತೆ?"

"ಮೆಥಡಿಸ್ಟ್," ಎಂದು ಗೌಡರು ತಮ್ಮ ಚರ್ಚಿನ ಪಂಗಡ ಹೇಳಿದರು.

"ಅದ್ಯಾವ ಸೀಮೆ ದೇವ್ರವ್ವ?"

ಅಲ್ಲಿಂದ ಇಬ್ಬರೂ ದಿನಾ ಸಂಜೆ ಶಾನನ್ ನದಿಯ ದಡದಲ್ಲಿ ವಾಕಿಂಗ್ ಹೊರಡತೊಡಗಿದರು. ಅವರ ಕನ್ನಡ ಇವರಿಗೆ ಬರದು, ಇವರ ಇಂಗ್ಲಿಷ್ ಅವರಿಗೆ ಬರದು, ಆದರೂ ಜಗಳಕ್ಕೆ ಏನೂ ಕೊರತೆ ಇರಲಿಲ್ಲ. ಮನೆಗೆ ಬಂದು ಇಬ್ಬರೂ ನನ್ನ ಹತ್ತಿರ ನ್ಯಾಯಕ್ಕೆ ಕೂರುತ್ತಿದ್ದರು. ದೊಡ್ಡ ವ್ಯಾಜ್ಯವೆಂದರೆ, ಆ ಇಬ್ಬರು ಅಣ್ಣತಮ್ಮಂದಿರಲ್ಲಿ ಅಣ್ಣನ ಕಡೆಯವರು ಯಾರು? ಸರಿಯಾದ ಹಡಗು ಹತ್ತಿದವನೇ ಹಿರಿಯ, ಬುದ್ಧಿ ಅವನಿಗೇ ಇತ್ತು ಎಂಬುದು ಗೌಡರ ವಾದ. ಮಾವ ಬಿಡುತ್ತಾರೆಯೇ? "ಪಾಲಾದಾಗ ಹಿರೇಮಗ ಒಳ್ಳೆ ಜಮೀನ್ ತಗತಾನೆ. ಈ ಕೆಸ್ರು, ಈ ಜಡಿಮಳೆ ಪಾಲಿಗೆ ಬಂದೋನು ಕಿರಿಯವ್ನೇಯ. ಏಳು ಅವ್ನಿಗೆ," ಎನ್ನುವರು. ನಾನು ಹೇಳಿದೆ. ಗೌಡರು ಕಿಟಕಿಯಾಚೆಯ ಮಳೆಯನ್ನು ಬಹಳ ಹೊತ್ತು ನೋಡಿ, "ಮಳೆ ಒಳ್ಳೆಯದೇ," ಎಂದರೇ ಹೊರತು ಅಣ್ಣನ ಪಟ್ಟ ಬಿಟ್ಟುಕೊಡಲಿಲ್ಲ.

ಹೆಗಲಿನ ಸಂಗತಿ ತಿಳಿದ ದಿನ ಮಾವ ನಗಲಿಲ್ಲ. "ಮೂರ್ ಜನ ಸಿಕ್ಕವ್ರಾ? ಇನ್ನೊಂದ್ ಮೂಲೆ ನಾನ್ ಇಡೀತೀನಿ ಅಂತ ಏಳವ್ವ. ಊರಲ್ಲಿದ್ರೂ ಸೈ, ಪೋನ್ ಮಾಡುದ್ರೆ ಬಂದ್ಬುಡ್ತೀನಿ." ವೀಸಾ ಇಷ್ಟು ಸುಲಭವಾಗಿ ಸಿಗುವುದು ನಮ್ಮ ಮಾವನಿಗೆ ಮಾತ್ರ. ನಾನು ಅದನ್ನು ಇಂಗ್ಲಿಷಿಗೆ ತಂದಾಗ ಗೌಡರು ಎದ್ದು ಮಾವನ ಪಕ್ಕ ನಿಂತು ಅಂಗೈ ಹಿಡಿದರು. ಭುಜಕ್ಕೆ ಭುಜ ಸರಿಯಾಗಿತ್ತು. "ಗ್ರ್ಯಾಂಡ್," ಎಂದು ಕೂತವರು ಆವತ್ತು ಎರಡು ಮುದ್ದೆ ತಿಂದರು, ಜಾಮ್ ಕೇಳಲಿಲ್ಲ.

ಮಾವ ಊರಿಗೆ ಹೊರಡಬೇಕಾದ ವಾರ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆಯಲ್ಲಿ ಮಾಡಬೇಕಾದ್ದನ್ನೆಲ್ಲ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಅವರು ಇರಲಿಲ್ಲ.

ದೇಹವನ್ನು ಊರಿಗೆ ಕಳಿಸಬೇಕೆಂದು ಆಯಿತು. ಅತ್ತೆ ಫೋನಿನಲ್ಲಿ ಅಳುತ್ತಲೇ ಒಂದೇ ಮಾತು ಹೇಳಿದ್ದರು. "ಅನಾಥ ಎಣದಂಗೆ ಕಳಿಸ್ಬೇಡಿ ಕಣ್ರವ್ವ. ನಮ್ಮೋರೇ ನಾಕ್ ಜನ ಇಡ್ಕೊಂಡು ಎತ್ತಿ ಕಳ್ಸಿ." ಡಬ್ಲಿನ್ ವಿಮಾನ ನಿಲ್ದಾಣಕ್ಕೆ ಒಯ್ಯುವ ಮುನ್ನ ಪೆಟ್ಟಿಗೆಯನ್ನು ನಮ್ಮ ಮನೆಗೆ ತಂದರು. ನಮ್ಮ ಬಾಗಿಲಿನಿಂದ ಮುಖ್ಯ ರಸ್ತೆಯಲ್ಲಿ ನಿಂತ ಕಾರಿನವರೆಗೆ ಹೊರಬೇಕಿತ್ತು. ಲೋಕೇಶ, ಡಾಕ್ಟರ್ ಗೌಡ, ತುಮಕೂರಿನ ಹುಡುಗ ಇದ್ದರು. ರಿಂಗಾಸ್ಕಿಡಿಯವನಿಗೆ ಶಿಫ್ಟ್ ಬಿಟ್ಟು ಬರಲು ಆಗಲಿಲ್ಲ. ಶವಸಂಸ್ಕಾರದ ಕಂಪನಿಯವನು ತಾನೇ ಒಂದು ಮೂಲೆ ಹಿಡಿಯುವುದಾಗಿ ಹೇಳುತ್ತಿದ್ದ. ಅತ್ತೆಗೆ ಏನು ಹೇಳಲಿ ಎಂದು ನಾನು ಗೋಡೆ ಹಿಡಿದು ನಿಂತಿದ್ದೆ.

ಆಗ ಗೌಡರು ಬಂದರು. ಗಣೇಶನ ಹಬ್ಬದ ಅದೇ ಸೂಟು, ಅದೇ ಬೂಟು.

"ಮುಂದಿನ ಮೂಲೆ ನನಗಿರಲಿ."

"ಬೇಡಿ ಗೌಡ್ರೇ, ನಿಮ್ ಮಂಡಿ ನೋವು," ಎಂದ ಲೋಕೇಶ.

"ಅಣ್ಣನನ್ನು ತಮ್ಮ ಹೊರದೆ ಇನ್ಯಾರು ಹೊರುತ್ತಾರೆ?"

ಬೇಸಿಗೆಯೆಲ್ಲ ಜಗಳಾಡಿ ಒಪ್ಪದ ಮಾತನ್ನು ಮುದುಕರು ಅಷ್ಟು ಸಲೀಸಾಗಿ ಒಪ್ಪಿಕೊಂಡುಬಿಟ್ಟರು. ನಾನು ಅದನ್ನು ಕನ್ನಡದಲ್ಲಿ ಯಾರಿಗೆ ಹೇಳಲಿ? ಕೇಳಿ ಗೆಲ್ಲಬೇಕಾದವರು ಪೆಟ್ಟಿಗೆಯಲ್ಲಿದ್ದರು.

ಇಲ್ಲಿನ ಪದ್ಧತಿಯಂತೆ ಒಬ್ಬರ ಕೈ ಇನ್ನೊಬ್ಬರ ಹೆಗಲ ಮೇಲಿಟ್ಟು ಎತ್ತಿದರು. ಮುಂದೆ ಒಂದು ಕಡೆ ಲೋಕೇಶ, ಇನ್ನೊಂದು ಕಡೆ ಗೌಡರು. ಪೆಟ್ಟಿಗೆ ಲೋಕೇಶನ ಕಡೆಗೆ ವಾಲಿತು. ಜಾರುತ್ತದೆ ಎಂದು ನಾನು ಹೆದರಿದೆ. ಆಗ ಗೌಡರು ಮಂಡಿ ಬಗ್ಗಿಸಿದರು. ಆ ನೋಯುವ ಮಂಡಿಗಳನ್ನು ಅರ್ಧಕ್ಕೆ ಮಡಿಚಿ, ನನ್ನ ಕುಳ್ಳ ಗಂಡನ ಎತ್ತರಕ್ಕೆ ಇಳಿದರು. ಹಾಗೇ ಬಗ್ಗಿಕೊಂಡು, ಹಲ್ಲು ಕಚ್ಚಿ, ರಸ್ತೆಯುದ್ದಕ್ಕೂ ನಡೆದರು. ಹಿಂದಿನ ಇಬ್ಬರೂ ಅವರನ್ನು ನೋಡಿ ತಗ್ಗಿದರು, ಪೆಟ್ಟಿಗೆ ಮಟ್ಟಸವಾಗಿ ಹೋಯಿತು. ಅಕ್ಕಪಕ್ಕದವರು ತಮ್ಮ ತಮ್ಮ ಗೇಟಿನ ಮುಂದೆ ತಲೆ ಬಾಗಿಸಿ ನಿಂತಿದ್ದರು. ನಾನು ಅಳುತ್ತಾ ಹಿಂದೆ ಹೋದೆ.

ಕಾರಿನೊಳಗೆ ಪೆಟ್ಟಿಗೆ ಇಟ್ಟ ಮೇಲೆ ಗೌಡರಿಗೆ ನೆಟ್ಟಗಾಗಲು ಬರಲಿಲ್ಲ. ಲೋಕೇಶ ಹಿಡಿದು ಕಾಂಪೌಂಡಿನ ಗೋಡೆಯ ಮೇಲೆ ಕೂರಿಸಿದ.

"ಅಪ್ಪ ಹಿಡೀತೀನಿ ಅಂದಿದ್ ಮೂಲೆ ನಾನು ಹಿಡೀತೀನಿ," ಎಂದ.

ಅವರು ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ನೀನು ಕುಳ್ಳ," ಎಂದರು. ಆಮೇಲೆ ಅವನ ಕೈ ಹಿಡಿದುಕೊಂಡು, "ಉಳಿದ ಮೂವರು ಬಗ್ಗಲಿ," ಎಂದರು.

ಸಂಜೆ ಅತ್ತೆಗೆ ಫೋನ್ ಮಾಡಿದೆ.

"ಎಗಲು ಕೊಡಕ್ಕೆ ಜನ ಸಿಕ್ಕಿದ್ರೇನವ್ವ?"

"ನಾಲ್ಕೂ ಜನ ಗೌಡ್ರೇ ಅತ್ತೆ. ನಿಮ್ಮ ಮಗ, ಹಾಸನದೋರೊಬ್ರು, ತುಮಕೂರಿನ ಹುಡುಗ ಒಬ್ಬ. ಮುಂದುಗಡೆ ದೊಡ್ಡೋರೊಬ್ರು ಹಿಡಿದಿದ್ರು."

"ಅವ್ರು ಯಾವೂರ ಗೌಡ್ರು?"

"ಇದೇ ಊರೋರು ಅತ್ತೆ," ಎಂದೆ.