ಶುಕ್ರವಾರ ಮಾತ್ರ ನಿಲ್ಲುತ್ತಿದ್ದ ಫಟ್‌ಫಟಿ

ಗಾಡಿಗಳು ದಾರಿಯಲ್ಲಿ ನಿಲ್ಲುವುದನ್ನು ಇವತ್ತಿಗೂ ಬಿಟ್ಟಿಲ್ಲ, ನಾನು ಅವುಗಳ ರೋಗ ಹೇಳುವುದನ್ನೂ ಬಿಟ್ಟಿಲ್ಲ. ಮೊನ್ನೆ ಮುಳಬಾಗಿಲಿನ ನಮ್ಮ ಮನೆ ಮುಂದೆ ಯಾರದೋ ಮೊಪೆಡ್ ನಿಂತಿತು. ಜಗಲಿ ಮೇಲಿಂದಲೇ "ಪೆಟ್ರೋಲ್ ಬರ್ತಾ ಇಲ್ಲ ಕಣೋ" ಅಂದೆ. ಅವನು ಮುಚ್ಚಳ ತೆಗೆದು ನೋಡಿದ, ಟ್ಯಾಂಕು ಖಾಲಿ. "ಹೆಂಗೆ ಗೊತ್ತಾಯ್ತು ತಾತ?" ಅಂತ ಬಾಯಿ ಬಿಟ್ಟ.

ಗೊತ್ತಾಗದೆ ಏನು? ಎರಡನೇ ದೊಡ್ಡ ಯುದ್ಧಕ್ಕೆ ಮುಂಚೆಯಿಂದ ಹಿಡಿದು ಯುದ್ಧ ಮುಗಿಯೋವರೆಗೂ, ಕೋಲಾರದಿಂದ ನಂಗಲಿ ಗಡಿವರೆಗೂ, ಮೋಟಾರ್ ಸೈಕಲ್ಲಿನ ಹೊಟ್ಟೆಗೆ ಕಿವಿ ಇಟ್ಟು ಪೆಟ್ರೋಲ್ ಎಲ್ಲಿ ಸಿಕ್ಕಿಕೊಂಡಿದೆ ಅಂತ ಹೇಳುವ ಮನುಷ್ಯ ನಾನೊಬ್ಬನೇ. ಅರ್ಧ ಮೈಲಿ ದೂರದಿಂದ ಹೇಳಿದ್ದೂ ಉಂಟು. ಅದನ್ನು ಕಣ್ಣಾರೆ ಕಂಡವರು ದನದ ಡಾಕ್ಟ್ರು, ಅವರ ತಾಯಿ, ಕುಲುಮೆ ಆಚಾರಿ. ಮೂವರೂ ಈಗಿಲ್ಲ. ಗಾಡಿ ಗುಜರಿಗೆ ಹೋಯಿತು. ಆದ್ದರಿಂದ ನನ್ನ ಮಾತು ನಂಬುವುದು ಬಿಟ್ಟರೆ ನಿಮಗೆ ಬೇರೆ ದಾರಿ ಇಲ್ಲ.

ನನಗೆ ಓದು ಬರಹ ತಲೆಗೆ ಹತ್ತಲಿಲ್ಲ. ನಾನು ಹೇಳುತ್ತಾ ಹೋಗುತ್ತೇನೆ, ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಬರೆದುಕೊಳ್ಳುತ್ತಿದ್ದಾರೆ. ನನ್ನ ಹೆಂಡತಿ ಆ ಕಡೆ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ. ಅವಳಿಗೆ ಕಿವಿ ಸ್ವಲ್ಪ ಮಂದ. ಅದೂ ಒಂದು ಅನುಕೂಲ.

ಕಿವಿಗೆ ಕೇಳಿಸಿದ್ದು

ಆಗ ನಾನು ಆಚಾರಿಯ ಕುಲುಮೆಯಲ್ಲಿ ಬೆಂಕಿಗೆ ಗಾಳಿ ಊದುವ ತಿದಿ ಒತ್ತುತ್ತಿದ್ದೆ. ಬೆಳಗಿಂದ ಸಂಜೆವರೆಗೂ ಬೆಂಕಿ ಮುಂದೆ, ಹುಬ್ಬು ಸೀದು ಹೋಗಿತ್ತು. ಒಂದು ಮಧ್ಯಾಹ್ನ ದನದ ಡಾಕ್ಟ್ರ ಫಟ್‌ಫಟಿ ಕುಲುಮೆ ಮುಂದೆ ನಿಂತುಬಿಟ್ಟಿತು. ಹಳೇ ಗಾಡಿ. ಮೊದಲನೇ ಯುದ್ಧದಲ್ಲಿ ಯಾವನೋ ದೊರೆ ಓಡಿಸಿ, ಸಾಕಾಗಿ ಬಿಟ್ಟು ಹೋದದ್ದು. ಡಾಕ್ಟ್ರು ಕಿಕ್ಕರ್ ಒದ್ದರು. ಕೋಟು ಬಿಚ್ಚಿಟ್ಟು ಒದ್ದರು. ಪೇಟ ತೆಗೆದಿಟ್ಟು ಒದ್ದರು. ಇನ್ನೂ ಬಿಚ್ಚುವುದಕ್ಕೆ ಮರ್ಯಾದೆ ಅಡ್ಡ ಬಂದು ಸುಮ್ಮನೆ ನಿಂತರು.

ನಾನು ಹೋಗಿ ಟ್ಯಾಂಕಿಗೆ ಕಿವಿ ಇಟ್ಟು ಕಣ್ಣು ಮುಚ್ಚಿದೆ. ಆಮೇಲೆ ಕೆಳಗೆ ಕೈ ಹಾಕಿ, ಪೆಟ್ರೋಲ್ ಬಿಡುವ ಹಿತ್ತಾಳೆಯ ಪುಟ್ಟ ನಲ್ಲಿಯನ್ನು ತಿರುಗಿಸಿದೆ. ಹಿಂದಿನ ಊರಲ್ಲಿ ಗಾಡಿ ನಿಲ್ಲಿಸಿದಾಗ ಮುಚ್ಚಿದ್ದರು, ತೆರೆಯುವುದನ್ನು ಮರೆತಿದ್ದರು. ಕಾರ್ಬೊರೇಟರಿನಲ್ಲಿ ಉಳಿದ ಚೂರು ಪೆಟ್ರೋಲಿನಲ್ಲಿ ಇಲ್ಲಿವರೆಗೂ ಬಂದಿದ್ದರು. ಈಗ ಒಂದೇ ಒದೆಗೆ ಗಾಡಿ ಫಟ್ ಫಟ್ ಅಂತು.

"ಹತ್ತೋ ಹಿಂದೆ" ಅಂದರು ಡಾಕ್ಟ್ರು. "ಇನ್ಮೇಲೆ ಈ ನಲ್ಲಿ ತೆರೆಯೋದು ಮುಚ್ಚೋದು ನಿನ್ನ ಕೆಲಸ. ನಂಗೆ ನೆನಪಿರಲ್ಲ."

ಹಿಂದೆ ಕೂತರೆ ನಲ್ಲಿ ನನ್ನ ಕೈಗೆ ಸರಿಯಾಗಿ ಎಟಕುತ್ತಿತ್ತು. ಆಚಾರಿ ಮಾತ್ರ ಬಾಗಿಲಿಗೆ ಬಂದು ನಿಂತು ಹೇಳಿದ: "ಹೋಗ್ಲಾ, ಹೋಗು. ಆ ಗಾಡಿ ಮೂಲೆ ಸೇರಿದ ದಿನ ಇಲ್ಲಿಗೇ ಬರ್ತೀಯ. ತಿದಿ ಎಲ್ಲಿಗೂ ಓಡಿಹೋಗಲ್ಲ." ಆ ಮಾತು ನನ್ನ ಬೆನ್ನಿಗೆ ಅಂಟಿಕೊಂಡಿತು. ಗಾಡಿ ಉಳಿದರೆ ಹಿಂದಿನ ಸೀಟು, ತಂಪು ಗಾಳಿ. ಗಾಡಿ ಹೋದರೆ ಮತ್ತೆ ಬೆಂಕಿ.

ಊರು ದಾಟಿದ ಮೇಲೆ ಡಾಕ್ಟ್ರು ಕೇಳಿದರು. "ಅಲ್ಲೋ, ನಿಂಗೆ ಹೆಂಗೆ ಗೊತ್ತಾಯ್ತು?"

"ಕಿವಿಗೆ ಕೇಳಿಸ್ತು ಸ್ವಾಮಿ."

"ಏನು ಕೇಳಿಸ್ತು?"

"ಏನೂ ಕೇಳಿಸಲಿಲ್ಲ. ಅದರಿಂದಲೇ ಗೊತ್ತಾಯ್ತು."

ನಂಗಲಿ ಅಂಗಡಿಯವನ ಧರ್ಮ

ಯುದ್ಧ ಬಂತು, ಪೆಟ್ರೋಲಿಗೆ ಕೂಪನ್ ಬಂತು. ಕೂಪನ್ ಮುಗಿಯಿತು ಅಂತ ದನಗಳು ಜ್ವರ ಬರಿಸಿಕೊಳ್ಳುವುದನ್ನು ನಿಲ್ಲಿಸಲಿಲ್ಲ. ನಂಗಲಿಯಲ್ಲಿ ಒಬ್ಬ ಅಂಗಡಿಯವನು ಲಾರಿಯವರ ಹತ್ತಿರ ಪೆಟ್ರೋಲ್ ಕೊಂಡು, ಬಾಟಲಿಗೆ ಹಾಕಿ ಗುಟ್ಟಾಗಿ ಮಾರುತ್ತಿದ್ದ. ಅವನಲ್ಲಿ ಹಾಕಿಸಿಕೊಂಡು ತಾಯಲೂರಿನ ಕಡೆ ಹೊರಟೆವು.

ಗಾಡಿ ಕೆಮ್ಮಿತು. ಮೈ ಕಾಯಿತು. ಏರು ಬಂದಾಗ ಒಳಗೆ ಯಾರೋ ಕೂತು ಸುತ್ತಿಗೆಯಲ್ಲಿ ಬಡಿದ ಹಾಗೆ ಟಣ ಟಣ ಅಂತು. ಹಿಂದೆ ತಿರುಗಿದರೆ ನಾವು ಬಂದ ರಸ್ತೆಯೇ ಕಾಣದಷ್ಟು ಹೊಗೆ. ಆ ವರ್ಷ ಆ ದಾರಿಯ ಊರುಗಳಲ್ಲಿ ಯುಗಾದಿವರೆಗೂ ಒಂದು ಸೊಳ್ಳೆ ಇರಲಿಲ್ಲ.

"ಇಂಜಿನ್ ಹೋಯ್ತು ಕಣೋ" ಅಂದರು ಡಾಕ್ಟ್ರು. "ಯಾರಿಗಾದ್ರೂ ಮಾರಿಬಿಡ್ತೀನಿ."

ನನ್ನ ಕಣ್ಣ ಮುಂದೆ ತಿದಿ ಬಂದು ನಿಂತಿತು. ಒಂದು ಹುಲ್ಲುಕಡ್ಡಿ ಕಿತ್ತು ಟ್ಯಾಂಕಿನೊಳಗೆ ಅದ್ದಿ ನಾಲಿಗೆಗೆ ತಗುಲಿಸಿದೆ. "ಇಂಜಿನ್‌ಗೆ ಏನೂ ಆಗಿಲ್ಲ ಸ್ವಾಮಿ. ಇದು ಸೀಮೆಎಣ್ಣೆ. ನಡೀರಿ ನಂಗಲಿಗೆ."

ಅಂಗಡಿಯವನು ನಮ್ಮನ್ನು ಕಂಡವನೇ ನನಗೇನೂ ಗೊತ್ತಿಲ್ಲ ಅನ್ನುವ ಮುಖ ಮಾಡಿದ. ಬಾಯಿ ಬಿಡಿಸಬೇಕಲ್ಲ, ನಾನು ಬೇಕೆಂದೇ ಜಾಸ್ತಿ ಮಾಡಿ ಹೇಳಿದೆ. "ಏನಣ್ಣಾ, ಕಾಲು ಭಾಗ ಪೆಟ್ರೋಲು, ಮುಕ್ಕಾಲು ಸೀಮೆಎಣ್ಣೆ. ಇದು ನ್ಯಾಯವಾ?"

ಅವನಿಗೆ ರೋಷ ಬಂತು. ತಕ್ಕಡಿ ಮುಟ್ಟಿ ಹೇಳಿದ: "ಮುಕ್ಕಾಲಾ? ದೇವುಡು ಮೆಚ್ಚಡು ಸಾಮಿ. ಹೊಟ್ಟೆಪಾಡಿಗೆ ಅಂಗಡಿ ಇಟ್ಟವನು ನಾನು, ಮೋಸ ಮಾಡೋಕಲ್ಲ. ಧರ್ಮವಾಗಿ ಅರ್ಧಕ್ಕರ್ಧ ಹಾಕಿರೋದು."

ಗೊಟ್ಟ

ಡಾಕ್ಟ್ರ ಚೀಲದಲ್ಲಿ ಯಾವಾಗಲೂ ಒಂದು ಗೊಟ್ಟ ಇರುತ್ತಿತ್ತು. ಬಿದಿರಿನ ಕೊಳವೆ. ದನದ ಬಾಯಿಗೆ ತುರುಕಿ ಔಷಧಿ ಹುಯ್ಯುವುದಕ್ಕೆ. ಮಾಲೂರಿನ ಹತ್ತಿರ ಒಬ್ಬ ರೈತನ ಎತ್ತಿಗೆ ಹೊಟ್ಟೆ ಉಬ್ಬರ ಬಂದಿತ್ತು. ಡಾಕ್ಟ್ರು ಗೊಟ್ಟದಲ್ಲಿ ಹರಳೆಣ್ಣೆ ಕುಡಿಸಿದರು. ಹೊರಡುವಾಗ ನೋಡಿದರೆ ಟ್ಯಾಂಕಿನಲ್ಲಿ ಪೆಟ್ರೋಲ್ ತಳ ಕಂಡಿದೆ. ಡಬ್ಬದಲ್ಲಿ ಇಟ್ಟುಕೊಂಡಿದ್ದನ್ನು ಹುಯ್ಯಬೇಕು, ಆಲಿಕೆ ಮನೆಯಲ್ಲಿ ಬಿಟ್ಟು ಬಂದಿದ್ದೇವೆ. ಗೊಟ್ಟ ಕೈಯಲ್ಲೇ ಇತ್ತು. ಅದರಲ್ಲೇ ಹುಯ್ದೆ.

ಸ್ವಲ್ಪ ದೂರ ಹೋಗಿ ಗಾಡಿ ನಿಂತಿತು. ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲ್ ಚಿಮ್ಮುವ ಸಣ್ಣ ತೂತಿನ ಜೆಟ್ಟನ್ನು ಬಾಯಲ್ಲಿಟ್ಟು ಊದಿದೆ. ಹೋಗಲಿಲ್ಲ. ಒಳಕ್ಕೆ ಎಳೆದೆ. ಬಂತು. ಹರಳೆಣ್ಣೆ ಅಂತ ನನ್ನ ನಾಲಿಗೆ ತಕ್ಷಣ ಹೇಳಿತು. ನನ್ನ ಹೊಟ್ಟೆ ಸ್ವಲ್ಪ ತಡೆದು ಹೇಳಿತು. ಆ ರಾತ್ರಿ ಮಾಲೂರಿನಲ್ಲೇ ಉಳಿದೆವು ಅಂತ ಮಾತ್ರ ಬರೆದುಕೊಳ್ಳಿ ಮೇಷ್ಟ್ರೇ.

ಬೆಳಗ್ಗೆ ಎತ್ತಿಗೆ ಇನ್ನೊಂದು ಸಲ ಔಷಧಿ ಕೊಡಬೇಕಿತ್ತು. ಗೊಟ್ಟ ತೊಳೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಪೆಟ್ರೋಲ್ ವಾಸನೆ ಮೂಗಿಗೆ ಹೊಡೆದದ್ದೇ ತಡ, ಎತ್ತು ಹಗ್ಗ ಹರಿದುಕೊಂಡು ಓಡಿತು. ಕೋಲಾರ ಮುಟ್ಟಿ, ಬೆಳಗಿನ ಬಸ್ಸಿಗಿಂತ ಮುಂಚೆ ವಾಪಸ್ ಬಂತು. ಇತ್ತ ನಮ್ಮ ಗಾಡಿ ಇನ್ನೂ ಕಿಕ್ಕರ್ ಒದೆಸಿಕೊಳ್ಳುತ್ತಾ ನಿಂತಿತ್ತು. ರೈತ ಎರಡನ್ನೂ ನೋಡಿದ.

"ಸ್ವಾಮಿ, ಗಾಡಿ ಔಷಧಿ ಎತ್ತಿಗೆ ಹಾಕಿದ್ರಿ, ಅದು ನಿಲ್ತಾ ಇಲ್ಲ. ಎತ್ತಿನ ಔಷಧಿ ಗಾಡಿಗೆ ಹಾಕಿದ್ರಿ, ಅದು ಹೊರಡ್ತಾ ಇಲ್ಲ. ಡಾಕ್ಟ್ರು ನಿಮ್ಮಿಬ್ಬರಲ್ಲಿ ಯಾರು?"

ವಾರಕ್ಕೊಂದು ಒಪ್ಪತ್ತು

ಆಮೇಲೆ ಡಾಕ್ಟ್ರ ತಾಯಿ ಬಂದು ಮಗನ ಮನೆಯಲ್ಲಿ ನೆಲೆಸಿದರು. ತುಂಬಾ ಮಡಿ, ಆದರೆ ಕೈ ಧಾರಾಳ. ಶುಕ್ರವಾರ ಬೆಳಗಾದರೆ ಹೊಸಲಿಗೆ, ತುಳಸಿಗೆ, ಒರಳಿಗೆ, ಫಟ್‌ಫಟಿಗೆ, ಎಲ್ಲಕ್ಕೂ ಅರಿಶಿನ ಕಲಸಿ ಬಳಿದು ಮೇಲೆ ಕುಂಕುಮ ಇಡುತ್ತಿದ್ದರು. ಗಾಡಿಯ ದೀಪ, ಹ್ಯಾಂಡಲ್, ಟ್ಯಾಂಕು, ಮುಚ್ಚಳ, ಒಂದನ್ನೂ ಬಿಡುತ್ತಿರಲಿಲ್ಲ. ಒಂದು ದಿನ ಅಡ್ಡ ಬಂದಿದ್ದಕ್ಕೆ ನನಗೂ ಇಟ್ಟರು.

ಅವರು ಬಂದಾಗಿನಿಂದ ಗಾಡಿಗೆ ಹೊಸ ರೋಗ. ಶುಕ್ರವಾರ ಮಾತ್ರ ನಿಲ್ಲುತ್ತದೆ. ಎರಡು ಮೈಲಿ ಚೆನ್ನಾಗಿ ಹೋಗುತ್ತದೆ, ಆಮೇಲೆ ಉಸಿರು ಕಟ್ಟಿದ ಹಾಗೆ ಆಡಿ ನಿಲ್ಲುತ್ತದೆ. ನಾನು ಮುಚ್ಚಳ ತೆಗೆದು ಬಗ್ಗಿ ನೋಡುತ್ತೇನೆ. ಪೆಟ್ರೋಲ್ ಇದೆ. ಮುಚ್ಚುತ್ತೇನೆ. ಗಾಡಿ ಹೊರಡುತ್ತದೆ. ಮತ್ತೆ ಎರಡು ಮೈಲಿಗೆ ಅದೇ ಕಥೆ.

"ನನ್ನ ದೃಷ್ಟಿ ಬಿದ್ರೆ ಹೊರಡ್ತದೆ ಸ್ವಾಮಿ" ಅಂತ ನಾನೂ ಒಂದು ಮಾತು ಬಿಟ್ಟೆ. ಊರಲ್ಲಿ ಅದು ಹಬ್ಬಿತು. ದಿನ ತುಂಬಿದ ಗಬ್ಬದ ಹಸುಗಳನ್ನು ನೋಡಿ ಹೋಗು ಅಂತ ಕರೆಯುವವರೂ ಹುಟ್ಟಿಕೊಂಡರು. ಡಾಕ್ಟ್ರು ಮಾತ್ರ ಕರಗಲಿಲ್ಲ. "ಶ್ರೀನಿವಾಸಪುರದ ಮಾವಿನ ಮಂಡಿ ಸಾಹುಕಾರ್ರ ಹತ್ರ ಒಂದು ಕುದುರೆ ಇದೆ. ಗಾಡಿ ಕೊಟ್ಟು ಅದನ್ನ ತಗೋತೀನಿ. ಕುದುರೆಗೆ ಕಾರ್ಬೊರೇಟರ್ ಇಲ್ಲ ಕಣೋ."

ಕುದುರೆಗೆ ಹಿಂದಿನ ಸೀಟೂ ಇಲ್ಲ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ಕಾಡಿ ಬೇಡಿ ಒಂದು ಸೋಮವಾರ ಗಾಡಿಯನ್ನು ಕೋಲಾರದ ಬಸ್ ಷೆಡ್ಡಿನ ಮೇಸ್ತ್ರಿಗೆ ತೋರಿಸಿದೆವು. ಪ್ರತಿ ಶನಿವಾರ ನಾನು ಗಾಡಿಯನ್ನು ಉಜ್ಜಿ ಒರೆಸಿ ಇಡುತ್ತಿದ್ದೆ, ಅದು ಹೊಸ ಮದುಮಗನ ಹಾಗೆ ಹೊಳೆಯುತ್ತಿತ್ತು. ಮೇಸ್ತ್ರಿ ಎಲ್ಲ ಬಿಚ್ಚಿದ, ಎಲ್ಲ ಜೋಡಿಸಿದ, ಕೋಲಾರ ಸುತ್ತಿ ಬಂದ. ಗಾಡಿ ಎಲ್ಲೂ ನಿಲ್ಲಲಿಲ್ಲ.

"ಗಾಡೀಲಿ ಏನೂ ಇಲ್ಲ ಸಾರ್" ಅಂದ. "ಶುಕ್ರವಾರ ಮಾತ್ರ ನಿಲ್ತದೆ ಅಂತೀರಿ. ಒಪ್ಪತ್ತು ಮಾಡ್ತಿರಬೇಕು."

ಅಮ್ಮಾವ್ರು ಅದನ್ನು ನಂಬಿಬಿಟ್ಟರು. ಇಂಥ ಭಕ್ತಿ ಇರುವ ಗಾಡಿ ಅಂತ ಮುಂದಿನ ಶುಕ್ರವಾರ ಅರಿಶಿನವನ್ನು ಇನ್ನೂ ದಪ್ಪಗೆ ಬಳಿದರು.

ಗಾಣದ ಮನೆ ಮುಂದೆ

ಆ ಶುಕ್ರವಾರವೇ ಶ್ರೀನಿವಾಸಪುರಕ್ಕೆ ಕುದುರೆ ನೋಡಲು ಹೊರಟದ್ದು. ದಾರಿಯುದ್ದಕ್ಕೂ ಗಾಡಿ ನಿಲ್ಲುತ್ತಾ ಹೋಯಿತು. ಊರು ಹತ್ತಿರ ಆಗುತ್ತಿದ್ದಾಗ, ಒಂದು ಎಣ್ಣೆ ಗಾಣದ ಮನೆ ಮುಂದೆ ಮತ್ತೆ ನಿಂತಿತು. ಡಾಕ್ಟ್ರು ಇಳಿದು ಹುಣಸೆ ಮರದ ನೆರಳಿಗೆ ಹೋದರು.

"ನೋಡೋ, ಇದೇ ಕೊನೆ. ಇಲ್ಲಿಂದ ಮಂಡಿಗೆ ಮೂರು ಮೈಲಿ. ನಿಲ್ಲದೆ ಹೋದರೆ ಗಾಡಿ ಇರ್ತದೆ, ನೀನೂ ಇರ್ತೀಯ. ನಿಂತರೆ ನಾನು ಕುದುರೆ ಮೇಲೆ ಬರ್ತೀನಿ, ನೀನು ನಡ್ಕೊಂಡು ಕುಲುಮೆಗೆ ಹೋಗು."

ನಾನು ಗಾಡಿ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಆಗ ನನ್ನ ತಲೆ ಕೆಲಸ ಮಾಡಿದ್ದು ನೋಡಿ. ತಿದಿ ಒತ್ತಿದವನಿಗೆ ಗಾಳಿ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಒಳಕ್ಕೆ ಗಾಳಿ ಹೋಗದಿದ್ದರೆ ಹೊರಕ್ಕೆ ಏನೂ ಬರುವುದಿಲ್ಲ. ಟ್ಯಾಂಕೂ ಹಾಗೇ. ಪೆಟ್ರೋಲ್ ಇಳಿದಷ್ಟೂ ಮೇಲಿಂದ ಗಾಳಿ ತುಂಬಬೇಕು. ಅದಕ್ಕೆ ಮುಚ್ಚಳದ ನಡುವೆ ಸೂಜಿ ಮೊನೆಯಷ್ಟು ತೂತು ಇರುತ್ತದೆ. ಆ ತೂತಿನ ಮೇಲೆ ಅಮ್ಮಾವ್ರ ಅರಿಶಿನ ಒಣಗಿ ಗಾರೆಯ ಹಾಗೆ ಕೂತಿತ್ತು. ನಾನು ಮುಚ್ಚಳ ತೆಗೆದಾಗೆಲ್ಲ ಗಾಳಿ ನುಗ್ಗುತ್ತಿತ್ತು, ಗಾಡಿ ಹೊರಡುತ್ತಿತ್ತು. ಶನಿವಾರ ಉಜ್ಜಿದಾಗ ತೂತು ಬಿಡುತ್ತಿತ್ತು, ವಾರವೆಲ್ಲ ಓಡುತ್ತಿತ್ತು. ಇಷ್ಟನ್ನೂ ನಾನೊಬ್ಬನೇ, ಅಲ್ಲೇ ಕೂತು, ಯಾರ ಸಹಾಯವೂ ಇಲ್ಲದೆ ಕಂಡುಹಿಡಿದೆ. ಉಗುರಿನಲ್ಲಿ ಕೆರೆದೆ. ಟ್ಯಾಂಕು ಉಸ್ ಅಂತು.

ಮಂಡಿವರೆಗೂ ಗಾಡಿ ಬಾಣದ ಹಾಗೆ ಹೋಯಿತು. ಸಾಹುಕಾರ್ರು ಕುದುರೆಗೆ ಹೂ ಹಾಕಿ ನಿಲ್ಲಿಸಿಕೊಂಡಿದ್ದರು. ಡಾಕ್ಟ್ರು ಇಳಿಯಲೇ ಇಲ್ಲ, ಕುದುರೆಯನ್ನೇ ಒಂದು ಸುತ್ತು ಹಾಕಿ ನಮಸ್ಕಾರ ಹೇಳಿ ಬಂದರು. ನನ್ನ ಸೀಟು ಉಳಿಯಿತು. ಬರೆದುಕೊಂಡ್ರಾ ಮೇಷ್ಟ್ರೇ?

"ಮೇಷ್ಟ್ರೇ" ಅಂದಳು ನನ್ನ ಹೆಂಡತಿ, ಅವರೆಕಾಯಿ ಮೊರದಿಂದ ತಲೆ ಎತ್ತದೆ. "ಆ ಗಾಣದ ಮನೆ ಯಾರದ್ದು ಅಂತ ಕೇಳಿ."

"ಯಾರದ್ದೋ ಇತ್ತು" ಅಂದೆ.

"ನಮ್ಮಪ್ಪಂದು. ಈ ಯಪ್ಪ ಟ್ಯಾಂಕಿಗೆ ಕಿವಿ ಇಟ್ಕೊಂಡು ಅಳೋ ಮುಖ ಮಾಡ್ಕೊಂಡು ಕೂತಿದ್ರು. ನಾನು ಜಗಲೀಲಿ ಎಣ್ಣೆ ಡಬ್ಬಕ್ಕೆ ಎರಡನೇ ತೂತು ಹೊಡೀತಿದ್ದೆ. ಒಂದೇ ತೂತಿದ್ರೆ ಎಣ್ಣೆ ಇಳಿಯಲ್ಲಯ್ಯಾ, ನಿಮ್ಮ ಡಬ್ಬಕ್ಕೆ ಇನ್ನೊಂದು ಇಲ್ವಾ ಅಂತ ನಾನೇ ಕೇಳಿದ್ದು."

ಮೇಷ್ಟ್ರು ಪೆನ್ನು ಕೆಳಗಿಟ್ಟರು. "ಏನ್ರೀ ಇದು?"

"ಕಿವಿ ಮಂದ ಅಲ್ವಾ, ಅವಳಿಗೆ ಏನೇನೋ ಕೇಳಿಸ್ತದೆ" ಅಂದೆ.

"ಅದು ಹೋಗ್ಲಿ ಬಿಡಿ" ಅಂದಳು ಅವಳು. "ಆಮೇಲೆ ಅಮ್ಮಾವ್ರು ಮುಚ್ಚಳಕ್ಕೆ ಅರಿಶಿನ ಇಡೋದೇ ಬಿಟ್ರು. ಆದ್ರೂ ಆ ಕಡೆ ಬಂದಾಗೆಲ್ಲ ಗಾಡಿ ನಮ್ಮನೆ ಮುಂದೇನೇ ನಿಲ್ತಿತ್ತು, ನಮ್ಮಪ್ಪ ನನ್ನ ಇವರಿಗೆ ಕೊಡ್ತೀನಿ ಅಂತ ಒಪ್ಪೋವರೆಗೂ. ಅದಕ್ಕೆ ಯಾವ ರೋಗ ಅಂತ ಕೇಳಿ ಮೇಷ್ಟ್ರೇ."

ಮೇಷ್ಟ್ರು ನನ್ನ ಕಡೆ ತಿರುಗಿದರು. ನಾನು ಭುಜ ಹಾರಿಸಿದೆ.

"ಹಳೇ ಗಾಡಿ. ಆ ಹಿತ್ತಾಳೆ ನಲ್ಲಿ ಸ್ವಲ್ಪ ಸಡಿಲ ಇತ್ತು."