ಬೂಟು ಹಾಕಿದ ಮೀನುಗಾರರು

ಅವತ್ತಿನ ರಾದ್ಧಾಂತಕ್ಕೆಲ್ಲ ಕಾರಣ ನಾಲ್ಕು ಜೊತೆ ಬೂಟು. ಯಲಹಂಕದ ಸೊಣ್ಣಪ್ಪ ಜನ್ಮದಲ್ಲಿ ಸಮುದ್ರ ಕಂಡವನಲ್ಲ. ಆದರೂ ಹೆಬ್ಬಾಳದ ಮೂರನೇ ಮಹಡಿಯ ಆಫೀಸಿನಲ್ಲಿ ಕುಳಿತು, ಕ್ಯಾಮೆರಾದಲ್ಲಿ ನೋಡುತ್ತಾ, ದೂರದ ಕರಾವಳಿಯ ಬಂದರೊಂದನ್ನು ಭಯೋತ್ಪಾದಕರಿಂದ ಕಾಯುವುದು ಅವನ ಉದ್ಯೋಗ! ಹೋದ ವಾರ ತೇಲುತ್ತಿದ್ದ ಖಾಲಿ ಡ್ರಮ್ಮನ್ನು ಬಾಂಬು ಅಂದುಕೊಂಡು ಅಲಾರಂ ಒತ್ತಿದ್ದ. ಎರಡು ಹಡಗು ಅರ್ಧ ದಿನ ಹೊರಗೇ ನಿಂತಿದ್ದವು. "ಇನ್ನೊಂದ್ಸಲ ಸುಳ್ಳು ಅಲಾರಂ ಒತ್ತಿದ್ರೆ ಸೀದಾ ಮನೆಗೆ" ಎಂದು ಬಾಸ್ ಅಶ್ವತ್ಥ್ ಖಡಾಖಂಡಿತವಾಗಿ ಹೇಳಿದ್ದ.

ಈಗ ಮೀನಿನ ದೋಣಿಯೊಂದು ಎಣ್ಣೆ ಹಡಗಿನ ಕಡೆ ಬರುತ್ತಿತ್ತು. ಒಳಗೆ ನಾಲ್ವರು, ಒಂದು ಬುಟ್ಟಿ. ಸೊಣ್ಣಪ್ಪ ಪರದೆಗೆ ಮೂಗು ತಾಗಿಸಿ ನೋಡಿದ.

"ನೂರೀನಮ್ಮಾ, ಮೀನ್ ಹಿಡಿಯೋರು ಇಷ್ಟು ಫಳಫಳ ಅನ್ನೋ ಬೂಟ್ ಹಾಕ್ತಾರಾ?"

"ಸುಮ್ನಿರಿ ಅಣ್ಣಾ, ಯಾರೋ ಮದ್ವೆಗೆ ಹೊರಟಿರ್ಬೇಕು" ಎಂದಳು ಪಕ್ಕದ ಕುರ್ಚಿಯ ನೂರೀನ್.

ಹಿಂದಿನ ಟೇಬಲ್ಲಿನ ವಿಜಯ್ ಕುಮಾರ್ ಗಡಿಯಾರ ತೋರಿಸಿದ. "ಗುರು, ಹತ್ತು ನಿಮಿಷಕ್ಕೆ ನಿನ್ ಶಿಫ್ಟ್ ಮುಗಿಯುತ್ತೆ. ಆಮೇಲೆ ಬಂದೋರು ಒತ್ಕೊಳ್ಳಲಿ ಬಿಡು."

ದೋಣಿ ಇನ್ನೂ ಹತ್ತಿರವಾಯಿತು. ಸೊಣ್ಣಪ್ಪ ಅಲಾರಂ ಗುಂಡಿಯ ಮೇಲೆ ಬೆರಳಿಟ್ಟ. ಒತ್ತಿದರೆ ಕೆಲಸ ಹೋಗುತ್ತದೆ, ಒತ್ತದಿದ್ದರೆ ಹಡಗೇ ಹೋಗುತ್ತದೆ. ಹಾಳಾಗಿ ಹೋಗಲಿ ಎಂದು ಕಣ್ಣು ಮುಚ್ಚಿ ಒತ್ತಿಯೇಬಿಟ್ಟ.

ಬಂದರಿನ ಗೇಟುಗಳು ಮುಚ್ಚಿದವು. ಐದು ಹಡಗು ನಿಂತವು. ಅಶ್ವತ್ಥ್ ಕ್ಯಾಬಿನ್ನಿನಿಂದ ಹಾರಿಬಂದ.

"ರೀ ಸೊಣ್ಣಪ್ಪಾ! ಮತ್ತೆ ಡ್ರಮ್ಮಾ? ಐಡಿ ಕಾರ್ಡ್ ಬಿಚ್ಚಿ ಇಲ್ಲಿಡ್ರೀ!"

ಸೊಣ್ಣಪ್ಪ ಕಾರ್ಡು ಬಿಚ್ಚುವಷ್ಟರಲ್ಲಿ ಫೋನು ಬಂತು. ಮಾತಾಡಿದವರು ಬಂದರಿನ ಭದ್ರತಾ ಅಧಿಕಾರಿ. ಅಶ್ವತ್ಥ್ ಸ್ಪೀಕರ್ ಹಾಕಿದ.

"ಅದು ನಮ್ಮದೇ ಅಣಕು ದಾಳಿ. ದೋಣಿಯಲ್ಲಿದ್ದದ್ದು ಪೊಲೀಸರು, ಬುಟ್ಟಿಯಲ್ಲಿದ್ದದ್ದು ನಕಲಿ ಬಾಂಬು. ಇಲ್ಲಿ ಗೇಟಿನವರು, ಗಸ್ತಿನವರು ಯಾರಿಗೂ ಗೊತ್ತೇ ಆಗಲಿಲ್ಲ. ಹಿಡಿದದ್ದು ನಿಮ್ಮವರೊಬ್ಬರೇ ಮಾರಾಯ್ರೆ!"

ಬದುಕಿದೆಯಾ ಬಡಜೀವವೇ ಎಂದು ಸೊಣ್ಣಪ್ಪ ಕುರ್ಚಿಗೆ ಕುಸಿದ. ಕಣ್ಣಲ್ಲಿ ನೀರೇ ಬಂತು. ನೂರೀನ್ ಟೀ ತಂದುಕೊಟ್ಟಳು. "ಒತ್ತು ಒತ್ತು ಅಂತ ನಾನ್ ಆಗ್ಲೇ ಹೇಳ್ಲಿಲ್ವಾ ಗುರು!" ಎಂದು ವಿಜಯ್ ಕುಮಾರ್ ಬೆನ್ನು ತಟ್ಟಿದ.

ಫೋನಿನಲ್ಲಿ ಅಧಿಕಾರಿಯ ಮಾತು ಮುಗಿದಿರಲಿಲ್ಲ. "ನಮ್ಮ ಪೊಲೀಸರ ಮುಖ ಈಗ ಎಲ್ಲರಿಗೂ ಗೊತ್ತಾಯಿತು. ಮುಂದಿನ ತಿಂಗಳ ಅಣಕು ದಾಳಿಗೆ ಹೊಸ ಭಯೋತ್ಪಾದಕ ಬೇಕು. ಇವತ್ತು ಹಿಡಿದ ನಿಮ್ಮವರನ್ನೇ ಕಳಿಸಿಕೊಡಿ."

"ಖಂಡಿತ ಸಾರ್" ಎಂದು ಅಶ್ವತ್ಥ್ ಫೋನಿಟ್ಟ.

"ಸಾರ್, ನಂಗೆ ಈಜೇ ಬರಲ್ಲ!"

"ಅದಿರ್ಲಿ. ನೀವು ಸಿಕ್ಕಿಬೀಳ್ಬಾರ್ದು, ಅಷ್ಟೇ. ಸಿಕ್ಕಿಬಿದ್ರೆ ನಮ್ ಮರ್ಯಾದೆ ಹೋಗುತ್ತೆ, ಜೊತೆಗೆ ನಿಮ್ ಕೆಲ್ಸಾನೂ ಹೋಗುತ್ತೆ."

"ಸಿಕ್ಕಿಬೀಳ್ದೇ ಇದ್ರೆ?"

ಅಶ್ವತ್ಥ್ ಅವನ ಐಡಿ ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿದ.

"ಆಗ ನಮ್ ಕ್ಯಾಮೆರಾ ನಿಮ್ಮನ್ನ ಹಿಡೀಲಿಲ್ಲ ಅಂತ ಈ ಆಫೀಸೇ ಮುಚ್ಚಿಸ್ತಾರೆ ಕಣ್ರೀ."